ಅಪಸ್ವರ ಯಾರದು?

ಕೈಯಲ್ಲಿರುವ ವಾದ್ಯ ಒಂದು ಸ್ವರ ತಪ್ಪಿ ನುಡಿದರೆ ನಾವು ಮೊದಲು ಹುಡುಕುವುದು ತಪ್ಪಿತಸ್ಥನನ್ನು. ನುಡಿಸಿದವನ ಬೆರಳು ಸರಿಯಿಲ್ಲವೋ, ಮಾಡಿದವನ ಕೈ ಸರಿಯಿಲ್ಲವೋ, ಮಾರಿದವನು ಮೋಸ ಮಾಡಿದನೋ, ಮರವೇ ಕೆಟ್ಟದ್ದೋ? ನೋಡಲು ಇದು ಸಂಗೀತದ ಪ್ರಶ್ನೆ. ಆದರೆ ‘ಯಾರದು’ ಎಂದು ಕೇಳಿದ ಕೂಡಲೇ ಅದು ನೀತಿಯ ಪ್ರಶ್ನೆಯೂ ಆಗಿಬಿಡುತ್ತದೆ. ಕೆಲವು ವರ್ಷಗಳಿಂದ ಬಿಡುವಿನ ಹೊತ್ತಿನಲ್ಲಿ ನಾನು ಎಲೆಕ್ಟ್ರಿಕ್ ಗಿಟಾರ್ ಮಾಡುತ್ತಿದ್ದೇನೆ. ಮಾಡಿದ್ದು ಹೆಚ್ಚೇನಿಲ್ಲ, ಮೂರು. ಆ ಮೂರೂ ಈ ಪ್ರಶ್ನೆಯನ್ನು ಮತ್ತೆ ಮತ್ತೆ ನನ್ನ ಮುಂದೆ ತಂದಿಟ್ಟಿವೆ. ಕೊಂಡು ತಂದ ವಸ್ತುವಿನ ದೋಷದ ಜೊತೆ ನಾವು ಬಾಳುವ ರೀತಿ ಒಂದು, ಮಾಡಿಕೊಂಡ ವಸ್ತುವಿನ ದೋಷದ ಜೊತೆ ಬಾಳುವ ರೀತಿ ಇನ್ನೊಂದು. ಹೀಗೇಕೆ? ಆ ವ್ಯತ್ಯಾಸದಲ್ಲಿ ಕಲಿಯುವಂಥದ್ದು ಏನಾದರೂ ಇದೆಯೇ?

ನಾನಿರುವುದು ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿ. ಮುಂಬೈಯಿಂದ ಚೆನ್ನೈಗೆ ಹೋಗುವ ರೈಲು ಯಾದಗಿರಿ ದಾಟಿ ಕೃಷ್ಣಾ ನದಿಯ ಸೇತುವೆ ಸೇರುವ ಮುಂಚೆ ನಮ್ಮೂರನ್ನು ಹಾದುಹೋಗುತ್ತದೆ. ಸುತ್ತ ಹತ್ತಿ, ತೊಗರಿ, ನೀರಿದ್ದಲ್ಲಿ ಭತ್ತ. ಗಿಟಾರು ಬೇಕೆಂದವರು ಹೈದರಾಬಾದಿನ ಕಡೆ ರೈಲು ಹತ್ತಬೇಕು, ಇಲ್ಲವೇ ಮೊಬೈಲಿನಲ್ಲಿ ಆರಿಸಿ ಕೊರಿಯರ್‌ಗೆ ಕಾಯಬೇಕು. ಆದರೆ ಗಿಟಾರು ಮಾಡಲು ಬೇಕಾದ ಕೈಗಳಿಗೆ ನಮ್ಮ ಕಡೆ ಬರವಿಲ್ಲ. ಬಾಗಿಲು ಚೌಕಟ್ಟು ಮಾಡುವ ಬಡಿಗೇರರಿದ್ದಾರೆ. ಹೊಲದ ಪಂಪ್‌ಸೆಟ್ ಸುಟ್ಟಾಗ ತಾಮ್ರದ ತಂತಿ ಸುತ್ತಿಕೊಡುವ ಮೋಟರ್ ರಿವೈಂಡಿಂಗ್‌ನವರಿದ್ದಾರೆ. ಒಂದು ಎಲೆಕ್ಟ್ರಿಕ್ ಗಿಟಾರಿಗೆ ಮುಖ್ಯವಾಗಿ ಬೇಕಾದ್ದು ಈ ಎರಡು ಕಸುಬುಗಳೇ.

ಮೊದಲು ಆರಿಸುವುದನ್ನು ನೋಡೋಣ. ಮೊಬೈಲಿನಲ್ಲಿ ಗಿಟಾರ್ ಹುಡುಕಲು ಕುಳಿತವನ ಮುಂದೆ ಸಾವಿರ ಗಿಟಾರುಗಳು ಬಂದು ನಿಲ್ಲುತ್ತವೆ. ಒಡಲು ಮಹಾಗನಿಯದೋ, ಆಲ್ಡರ್‌ನದೋ, ಕತ್ತು ಮೇಪಲ್‌ದೋ, ತಂತಿಯ ಉದ್ದ 648 ಮಿಲಿಮೀಟರೋ, 628 ಮಿಲಿಮೀಟರೋ, ಪಿಕಪ್ ಒಂಟಿ ಸುರುಳಿಯದೋ, ಜೋಡಿ ಸುರುಳಿಯದೋ. ಒಂದೊಂದಕ್ಕೂ ಒಬ್ಬೊಬ್ಬ ವಕೀಲನಿದ್ದಾನೆ. ಮೂರು ವಾರ ವಿಡಿಯೊ ನೋಡಿ, ನಾಲ್ಕು ಜನರನ್ನು ಕೇಳಿ, ಕೊನೆಗೊಂದನ್ನು ಆರಿಸಿದ ಮೇಲೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ: ಬಿಟ್ಟು ಬಂದ ಇನ್ನೊಂದೇ ಚೆನ್ನಾಗಿತ್ತೇನೋ. ಹಾಗಾಗಿ ಕೊಂಡ ಗಿಟಾರು ಎಲ್ಲಾದರೂ ಚೂರು ತೊದಲಿದರೆ ಅದು ಬರೀ ದೋಷವಾಗಿ ಕಾಣುವುದಿಲ್ಲ, ತಪ್ಪಾಗಿ ಆರಿಸಿದ್ದಕ್ಕೆ ಸಾಕ್ಷಿಯಾಗಿ ಕಾಣುತ್ತದೆ. ಅದಕ್ಕೆ ಮದ್ದೂ ಅದೇ ಅಂಗಡಿಯಲ್ಲಿದೆ. ಹಿಂತಿರುಗಿಸು, ಇನ್ನೊಂದನ್ನು ಆರಿಸು. ಕೊಂಡವನಿಗೆ ಈ ಹಕ್ಕು ಇರಲೇಬೇಕು, ದುಡ್ಡು ಕೊಟ್ಟಿದ್ದಾನೆ. ಆದರೆ ಈ ಹಕ್ಕಿನ ಜೊತೆಗೆ ಒಂದು ಅಭ್ಯಾಸವೂ ಬರುತ್ತದೆ. ದೋಷ ಎಂದರೆ ಬದಲಾಯಿಸಬೇಕಾದ್ದು, ಅದರ ಹಿಂದೆ ಹೋಗಿ ನೋಡಬೇಕಾದ ಕೆಲಸ ನನ್ನದಲ್ಲ ಎನ್ನುವ ಅಭ್ಯಾಸ.

ಮಾಡುವವರ ಕತೆಗಳಲ್ಲಿ ಹೆಚ್ಚಿನವು ಇಲ್ಲದಿರುವಿಕೆಯಿಂದ ಶುರುವಾಗುತ್ತವೆ. ‘ಕ್ವೀನ್’ ತಂಡದ ಬ್ರಯನ್ ಮೇ ಹುಡುಗನಾಗಿದ್ದಾಗ ಅಂಗಡಿಯ ಗಿಟಾರು ಕೊಳ್ಳುವಷ್ಟು ದುಡ್ಡು ಮನೆಯಲ್ಲಿರಲಿಲ್ಲ. 1963ರಲ್ಲಿ ಅವನೂ ಅವನಪ್ಪ ಹೆರಾಲ್ಡ್ ಕೂಡಿ ಗಿಟಾರು ಮಾಡಲು ಕುಳಿತರು. ಕತ್ತಿಗೆ ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರ, ಒಡಲಿಗೆ ಹಳೆಯ ಮೇಜಿನ ಓಕ್, ತಂತಿ ಅಲುಗಿಸುವ ಸಲಕರಣೆಗೆ ಮೋಟರ್‌ಸೈಕಲ್ಲಿನ ಸ್ಪ್ರಿಂಗು, ಕತ್ತಿನ ಮೇಲಿನ ಚುಕ್ಕಿಗಳಿಗೆ ಅಮ್ಮನ ಹೊಲಿಗೆ ಡಬ್ಬಿಯ ಗುಂಡಿಗಳು. ಸುಮಾರು ಎರಡು ವರ್ಷ ಹಿಡಿಯಿತು. ಮುಂದೆ ಜಗತ್ತಿನ ಯಾವ ಗಿಟಾರನ್ನಾದರೂ ಕೊಳ್ಳುವಷ್ಟು ಶ್ರೀಮಂತನಾದ ಮೇಲೂ ಅವನು ಹೆಚ್ಚಾಗಿ ನುಡಿಸಿದ್ದು ಅದನ್ನೇ. ಇನ್ನೊಂದು ತುದಿಯಲ್ಲಿ ಲಿಯೋ ಫೆಂಡರ್ ಇದ್ದಾನೆ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವನು. ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. 1950ರ ಹೊತ್ತಿಗೆ ಅವನು ಮಾರುಕಟ್ಟೆಗೆ ತಂದ ಗಿಟಾರಿನ ಕತ್ತನ್ನು ಒಡಲಿಗೆ ಅಂಟು ಹಾಕಿ ಕೂಡಿಸಿರಲಿಲ್ಲ, ನಾಲ್ಕು ಸ್ಕ್ರೂಗಳಿಂದ ಬಿಗಿದಿದ್ದ. ಕತ್ತು ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ರಿಪೇರಿ ಮಾಡುವವನ ಕಣ್ಣಿಗೆ ದೋಷ ಬಂದೇ ಬರುವಂಥದ್ದು. ಬಂದಾಗ ಅದು ಎಲ್ಲಿದೆ ಎಂದು ಗೊತ್ತಾಗಬೇಕು, ಅಲ್ಲಿಗೆ ಕೈ ಹೋಗಬೇಕು, ಅಷ್ಟೇ.

ನನ್ನ ಮೊದಲ ಗಿಟಾರಿನ ಒಡಲು ಕೆಡವಿದ ಮನೆಯೊಂದರ ಸಾಗವಾನಿ ಬಾಗಿಲಿನದು. ಹಲಗೆ ಕೊಯ್ದು ರಂಧಾ ಹೊಡೆದುಕೊಟ್ಟ ಬಡಿಗೇರ ಕಾಕಾ ಅದನ್ನು ಕೈಯಲ್ಲಿ ತೂಗಿ ನೋಡಿ ಕೇಳಿದರು: “ಅಲ್ಲೋ ತಮ್ಮಾ, ಇದಕ್ಕ ಹೊಟ್ಟೀನೇ ಇಲ್ಲಲ್ಲ, ಹ್ಯಾಂಗ ನುಡೀತದ?” ವೀಣೆಗೆ ಕೊಡವಿದೆ, ತಂಬೂರಿಗೆ ಬುರುಡೆಯಿದೆ, ಡೊಳ್ಳಿಗೆ ಹೊಟ್ಟೆಯಿದೆ. ಟೊಳ್ಳಿಲ್ಲದೆ ನಾದವೆಲ್ಲಿಂದ? ಇದೇ ಅನುಮಾನ ಅಮೆರಿಕದ ಕೇಳುಗರಿಗೂ ಇತ್ತು. 1940ರ ಸುಮಾರಿಗೆ ಲೆಸ್ ಪಾಲ್ ಎಂಬ ವಾದಕ ಒಂದು ಗಟ್ಟಿ ಮರದ ತೊಲೆಗೆ ತಂತಿ ಕಟ್ಟಿ ವಿದ್ಯುತ್ ಗಿಟಾರು ಮಾಡಿದ. ನೋಡುವವರಿಗೆ ಗಿಟಾರಿನಂತೆ ಕಾಣಲಿ ಎಂದು ಹಳೆಯ ಗಿಟಾರೊಂದನ್ನು ಸೀಳಿ ಅದರ ಎರಡು ಹೋಳುಗಳನ್ನು ತೊಲೆಯ ಎಡಬಲಕ್ಕೆ ಅಂಟಿಸಿದ.

ಹೊಟ್ಟೆಯಿಲ್ಲದ ಈ ವಾದ್ಯ ನುಡಿಯುವುದು ಪಿಕಪ್‌ನಿಂದ. ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳ್ಳನೆಯ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿದರೆ ಪಿಕಪ್ ಆಯಿತು. ಅದರ ಮೇಲೆ ಉಕ್ಕಿನ ತಂತಿ ಅದುರಿದಾಗ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮವೇ ಇದು. ನಮ್ಮೂರ ರಿವೈಂಡಿಂಗ್ ಗೆಳೆಯನಿಗೆ ನಿಯಮ ಹೊಸದಲ್ಲ, ತಂತಿಯ ಸಣ್ಣತನ ಹೊಸದು. ಪಂಪ್ ಮೋಟರಿನ ದಪ್ಪ ತಂತಿ ಸುತ್ತುವ ಕೈ ಇಲ್ಲಿ ಉಸಿರು ಹಿಡಿದು ಕೆಲಸ ಮಾಡಬೇಕಾಯಿತು. ಹೀಗೆ ನಾಲ್ಕಾರು ಕೈಗಳಿಂದ ಒಂದು ವಾದ್ಯ ಎದ್ದು ನಿಂತಿತು. ಆಮೇಲೆ ಶುರುವಾದದ್ದು ದೋಷಗಳ ಕತೆ. ನಿಧಾನವಾಗಿ ನನಗೆ ಕಂಡದ್ದೆಂದರೆ, ಹೊರಗಿನಿಂದ ಒಂದೇ ಅಪಸ್ವರವಾಗಿ ಕೇಳುವುದರಲ್ಲಿ ಮೂರು ಜಾತಿಯ ದೋಷಗಳಿವೆ.

ಮೊದಲನೆಯದು ಕೈಯ ದೋಷ. ಕತ್ತಿನ ತುದಿಯಲ್ಲಿ ತಂತಿ ಹಾಯುವ ಸಣ್ಣ ಗಾಡಿ ಒಂದು ಕೂದಲೆಳೆಯಷ್ಟು ಆಳವಾದರೆ ಬಿಡಿ ತಂತಿ ಮೊದಲ ಫ್ರೆಟ್ಟಿಗೆ ಬಡಿದು ಗುಂಯ್‌ಗುಡುತ್ತದೆ. ಒಂದು ಫ್ರೆಟ್ ಪಕ್ಕದ್ದಕ್ಕಿಂತ ಚೂರು ಎತ್ತರವಾದರೆ ಅಲ್ಲಿ ಸ್ವರ ಸಾಯುತ್ತದೆ. ಈ ದೋಷಕ್ಕೆ ಹೆಸರಿದೆ, ಜಾಗವಿದೆ, ಅರ ಹಿಡಿದು ಸರಿಮಾಡುವ ದಾರಿಯೂ ಇದೆ. ಇಲ್ಲಿ ವಿಧಿಯನ್ನು ಬೈಯುವುದು ಸೋಮಾರಿತನ.

ಎರಡನೆಯದು ಮರದ ಸ್ವಭಾವ. ನಮ್ಮ ಸೀಮೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಗಾಳಿಯ ತೇವವೆಲ್ಲ ಆರುತ್ತದೆ, ಮರ ಕುಗ್ಗುತ್ತದೆ. ಮರ ತನ್ನ ಎಳೆಯ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಫ್ರೆಟ್ ಲೋಹದ್ದು, ಅದು ಹಾಗೆ ಕುಗ್ಗುವುದಿಲ್ಲ. ಹೀಗಾಗಿ ಏಪ್ರಿಲ್ ತಿಂಗಳಲ್ಲಿ ಫ್ರೆಟ್‌ಗಳ ತುದಿ ಕತ್ತಿನ ಅಂಚಿನಿಂದ ಹೊರಬಂದು ಅಂಗೈಗೆ ಮುಳ್ಳಿನಂತೆ ಚುಚ್ಚುತ್ತವೆ. ಮಳೆಗಾಲದಲ್ಲಿ ಮರ ಮತ್ತೆ ಉಬ್ಬಿ ಅವನ್ನು ಒಳಗೆಳೆದುಕೊಳ್ಳುತ್ತದೆ. ಇದು ಯಾರ ತಪ್ಪು? ಮಾಡಿದವನದಲ್ಲ, ಮರದ್ದೂ ಅಲ್ಲ. ಮರ ಮರದಂತೆ ಇದೆ, ಅಷ್ಟೇ. ಬಡಿಗೇರ ಕಾಕಾಗೆ ತೋರಿಸಿದರೆ ಅವರು ನಕ್ಕರು: “ಬ್ಯಾಸಗ್ಯಾಗ ಬಾಗಿಲಾ ಸಡಲಾಗ್ತದ, ಮಳಿಗಾಲ್ದಾಗ ಬಿಗಿ ಹಿಡೀತದ. ಬಾಗಿಲಕ ಯಾರರ ಬೈತಾರೇನು?” ಬೇಸಿಗೆಯಲ್ಲಿ ತುದಿಗಳನ್ನು ಹದವಾಗಿ ತೇಯ್ದು ಬಿಡಬೇಕು. ಯಾವಾಗ ಕೈ ಹಾಕಬೇಕು, ಯಾವಾಗ ಕಾಯಬೇಕು ಎಂದು ತಿಳಿಯುವುದೇ ಇಲ್ಲಿನ ಕೆಲಸ.

ಮೂರನೆಯದು ಲೆಕ್ಕದ ದೋಷ. ಇದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು. ಗಿಟಾರಿನ ಒಂದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಬೇಕು. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ ದೂರ ಸಿಗುತ್ತದೆ. 648 ಮಿಲಿಮೀಟರ್ ತಂತಿಗೆ ಅದು ಸುಮಾರು 36.4 ಮಿಲಿಮೀಟರ್. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತ ಹೋದರೆ ಹನ್ನೆರಡನೆಯ ಫ್ರೆಟ್ ಸರಿಯಾಗಿ ಅರ್ಧಕ್ಕೆ, 324ಕ್ಕೆ ಬಂದು ನಿಲ್ಲುತ್ತದೆ. ಗೆಲಿಲಿಯೊನ ತಂದೆ ವಿಂಚೆಂಜೊ ಗೆಲಿಲಿ 16ನೇ ಶತಮಾನದಲ್ಲೇ ಲ್ಯೂಟ್ ವಾದ್ಯಕ್ಕಾಗಿ ಇಂಥ ಲೆಕ್ಕ ಕೊಟ್ಟಿದ್ದ. ಅವನು ಭಾಗಿಸಲು ಹೇಳಿದ್ದು 18ರಿಂದ. ಹಾಗೆ ಮಾಡಿದರೆ ಹನ್ನೆರಡನೆಯ ಫ್ರೆಟ್ ಅರ್ಧಕ್ಕೆ ಎರಡೂವರೆ ಮಿಲಿಮೀಟರಿನಷ್ಟು ಮೊದಲೇ ನಿಲ್ಲುತ್ತದೆ. ಆದರೆ ಬೆರಳು ಒತ್ತಿದಾಗ ತಂತಿ ಬಿಗಿಯಾಗಿ ಸ್ವರ ಏರುವುದರಿಂದ ಆ ಕೊರತೆ ಸ್ವಲ್ಪ ತುಂಬಿಕೊಳ್ಳುತ್ತದೆ. ಒಂದು ತಪ್ಪು ಇನ್ನೊಂದನ್ನು ಹೊರುವುದು ಹೀಗೆ.

ಈಗಿನ ಲೆಕ್ಕ ಎಷ್ಟು ನಿಖರವಾದರೂ ಅದರ ಫಲ ಪೂರ್ತಿ ಶುದ್ಧವಲ್ಲ. ತಂಬೂರಿಯ ಷಡ್ಜದೊಳಗಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರವನ್ನು ಕೇಳಿ ಬೆಳೆದ ಕಿವಿಗೆ ಗಿಟಾರಿನ ಗಾಂಧಾರ ಚೂರು ಮೇಲಿದೆ ಎನಿಸುತ್ತದೆ. ಅರ್ಧ ಸ್ವರವನ್ನು ನೂರು ಪಾಲು ಮಾಡಿದರೆ ಸುಮಾರು ಹದಿನಾಲ್ಕು ಪಾಲು ಮೇಲಿದೆ. ಸಿತಾರ್‌ನವರಿಗೆ ಈ ಕಷ್ಟವಿಲ್ಲ. ಅವರ ಮೆಟ್ಟುಗಳನ್ನು ದಾರದಿಂದ ಕಟ್ಟಿರುತ್ತದೆ, ರಾಗಕ್ಕೆ ತಕ್ಕಂತೆ ಸರಿಸಿಕೊಳ್ಳಬಹುದು. ಗಿಟಾರಿನ ಫ್ರೆಟ್‌ಗಳನ್ನು ಮರಕ್ಕೆ ಬಡಿದು ಕೂಡಿಸಿದ ಮೇಲೆ ಅವು ಅಲುಗುವುದಿಲ್ಲ. ಯಾವ ಶ್ರುತಿಯಿಂದ ಶುರು ಮಾಡಿದರೂ ನಡೆಯಬೇಕೆಂದರೆ ಒಂದು ಸ್ವರಕ್ಕೆ ಪೂರ್ತಿ ನ್ಯಾಯ ಕೊಡಲು ಬರುವುದಿಲ್ಲ. ಎಲ್ಲ ಸ್ವರಗಳೂ ಸ್ವಲ್ಪ ಸ್ವಲ್ಪ ಅನ್ಯಾಯವನ್ನು ಹಂಚಿಕೊಳ್ಳಬೇಕು. ಲಕ್ಷ ರೂಪಾಯಿಯ ಗಿಟಾರಿನಲ್ಲೂ ಈ ಅಪಸ್ವರ ಇದೆ, ಬಾಗಿಲ ಹಲಗೆಯ ಗಿಟಾರಿನಲ್ಲೂ ಇದೆ. ಇದನ್ನು ಹಿಂತಿರುಗಿಸಲು ಯಾವ ಅಂಗಡಿಯೂ ಇಲ್ಲ.

ಮಾಡುವುದರಿಂದ ಸಿಗುವ ನಿಜವಾದ ಲಾಭ ಇದೇ ಎಂದು ನನಗನ್ನಿಸುತ್ತದೆ. ವಸ್ತು ಅಂಗಡಿಯದಕ್ಕಿಂತ ಮೇಲು ಎಂಬುದಲ್ಲ. ಬಹಳ ಸಲ ಕೀಳೇ ಇರುತ್ತದೆ. ಅಗ್ಗವೂ ಅಲ್ಲ, ತರಿಸಿದ ಬಿಡಿಭಾಗಗಳು, ಹೋದ ಭಾನುವಾರಗಳು ಎಲ್ಲ ಕೂಡಿಸಿದರೆ ಒಂದು ಒಳ್ಳೆಯ ಗಿಟಾರೇ ಬರುತ್ತಿತ್ತು. ಸಿಗುವುದು ಒಂದು ವಿವೇಕ: ಯಾವ ದೋಷಕ್ಕೆ ಅರ ಹಿಡಿಯಬೇಕು, ಯಾವುದಕ್ಕೆ ಮಳೆಗಾಲದವರೆಗೆ ಕಾಯಬೇಕು, ಯಾವುದರ ಜೊತೆ ಕೊನೆಯವರೆಗೂ ಬಾಳಬೇಕು. ಆರಿಸಿ ಕೊಂಡವನ ಮುಂದೆ ಈ ಮೂರೂ ಒಂದೇ ಮುಖ ಹೊತ್ತು ಬರುತ್ತವೆ. ಹಾಗಾಗಿ ಅವನು ಮೂರಕ್ಕೂ ಒಂದೇ ರೀತಿ ಸಿಟ್ಟಾಗುತ್ತಾನೆ. ಗಿಟಾರಿನ ಮಾತು ಬಿಡಿ. ಮನೆಯವರೊಂದಿಗೆ, ಗೆಳೆಯರೊಂದಿಗೆ, ಊರಿನೊಂದಿಗೆ ನಮ್ಮ ಜಗಳಗಳಲ್ಲಿ ಎಷ್ಟೋ ಹುಟ್ಟುವುದು ಈ ಗೊಂದಲದಿಂದಲೇ. ಸ್ವಭಾವವಾಗಿರುವುದನ್ನು ಅಪರಾಧ ಎಂದು ಬೈಯುತ್ತೇವೆ. ತಿದ್ದಬಹುದಾದ ಅನ್ಯಾಯವನ್ನು ‘ಅದು ಹಾಗೇ’ ಎಂದು ಬಿಟ್ಟುಬಿಡುತ್ತೇವೆ. ಎರಡನೆಯದು ಮೊದಲನೆಯದಕ್ಕಿಂತ ಅಪಾಯಕಾರಿ. ಕೈಯ ದೋಷವನ್ನು ಲೆಕ್ಕದ ದೋಷವೆಂದು ಸಾರುವವರಿಗೆ ಅದರಿಂದ ಯಾವಾಗಲೂ ಏನೋ ಲಾಭವಿರುತ್ತದೆ.

ಇದಿಷ್ಟನ್ನೇ ಹೇಳಿ ಮುಗಿಸಿದರೆ ಮಾಡುವವನನ್ನು ಅಟ್ಟಕ್ಕೇರಿಸಿದಂತಾಗುತ್ತದೆ. ಅದು ಸರಿಯಲ್ಲ ಎಂದು ನನಗೆ ತಿಳಿದದ್ದು ಒಬ್ಬ ಹುಡುಗನಿಂದ. ಜಾತ್ರೆ, ಮದುವೆಗಳಲ್ಲಿ ಆರ್ಕೆಸ್ಟ್ರಾ ಜೊತೆ ಗಿಟಾರ್ ನುಡಿಸುವವನು ಅವನು. ಹಳೆಯ ಗಿಟಾರು ಕೈಕೊಟ್ಟಾಗ ಬಂದು ಕೇಳಿದ: “ಅಣ್ಣಾ, ನನಗೂ ಒಂದು ಮಾಡಿಕೊಡ್ರಿ. ಅಂಗಡ್ಯಾಗಿಂದಕಿಂತ ನಿಮ್ದೇ ಛಲೋ ಅದ. ರೊಕ್ಕಾ ಕೊಡ್ತೀನಿ.” ಹವ್ಯಾಸಿಗೆ ಇದಕ್ಕಿಂತ ಸಿಹಿಯಾದ ಮಾತು ಬೇರೆ ಇಲ್ಲ. ಹೂಂ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಒಂದು ರಾತ್ರಿ ಯೋಚಿಸಿದೆ. ನನ್ನ ಗಿಟಾರಿನ ದೋಷಗಳ ಜೊತೆ ನಾನು ಸಮಾಧಾನದಿಂದಿರುವುದು ಅವು ನನಗೆ ಗೊತ್ತಿರುವುದರಿಂದ. ವಸ್ತುವನ್ನು ಕೊಡಬಹುದು, ಆ ತಿಳಿವನ್ನು ಅದರ ಜೊತೆ ಕಟ್ಟಿಕೊಡಲು ಬರುವುದಿಲ್ಲ. ರಾತ್ರಿ ಹತ್ತಕ್ಕೆ ಯಾವುದೋ ಊರಿನ ವೇದಿಕೆಯ ಮೇಲೆ ಪಿಕಪ್ ಸುಮ್ಮನಾದರೆ ನನಗೆ ಹೋಗುವುದು ಒಂದು ಭಾನುವಾರ. ಅವನಿಗೆ ಹೋಗುವುದು ಅಂದಿನ ಕೂಲಿ, ಮುಂದಿನ ಕರೆಯೂ ಕೂಡ. ಅಂಗಡಿಯ ಗಿಟಾರಿನ ಬಿಡಿಭಾಗ ಯಾವ ಊರಿನಲ್ಲಾದರೂ ಸಿಗಬಹುದು. ನಾನು ಮಾಡಿದ್ದಕ್ಕೆ ನಾನೇ ಬೇಕು. ನನ್ನ ಹೆಮ್ಮೆಗಾಗಿ ಅವನನ್ನು ನನ್ನ ಮನೆಬಾಗಿಲಿಗೆ ಕಟ್ಟಿಹಾಕಿದಂತಾಗುತ್ತಿತ್ತು. “ಕೊಂಡುಬಿಡು. ಆರಿಸಾಕ ನಾನೂ ಬರ್ತೀನಿ” ಎಂದೆ.

ನಮ್ಮ ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯ ನೇಕಾರ. ಅವನು ನೆಯ್ದ ಬಟ್ಟೆಯನ್ನು ಉಡುವವರು ಬೇರೆಯವರು. 12ನೇ ಶತಮಾನದ ಶರಣರು ಕಾಯಕ ಎಂದಾಗ ಇಂಥ ದುಡಿಮೆಯನ್ನೇ ಹೇಳಿದರು. ಕಾಯಕದಲ್ಲಿ ನನ್ನ ಕೈಯ ತಪ್ಪು ಇನ್ನೊಬ್ಬರ ಮೈಗೆ ತಾಗುತ್ತದೆ, ದುಡಿದದ್ದು ಹಲವರ ನಡುವೆ ಹಂಚಿಹೋಗುತ್ತದೆ. ಹವ್ಯಾಸ ಕಾಯಕವಲ್ಲ. ಅದರ ಸುಖವೇ ಅದರ ಮಿತಿ: ತಪ್ಪಿದರೆ ನಷ್ಟ ನನಗೊಬ್ಬನಿಗೆ. ಕೈಯಾರೆ ಮಾಡಿದ್ದಕ್ಕೆಲ್ಲ ಕಾಯಕದ ಹೆಸರು ಕೊಟ್ಟು ಬೀಗುವುದು ದಿನವಿಡೀ ರಂಧಾ ಹೊಡೆದು ಹೊಟ್ಟೆ ಹೊರೆಯುವ ಬಡಿಗೇರ ಕಾಕಾಗೆ ಮಾಡುವ ಅವಮಾನ.

ಮಾಡುವವನು ಆಯ್ಕೆಯಿಂದ ಪಾರಾಗುತ್ತಾನೆ ಎಂಬುದೂ ಸುಳ್ಳು. ಫ್ರೆಟ್ ಕೂಡಿಸುವ ಪಟ್ಟಿಗೆ ಜಗತ್ತಿನ ಗಿಟಾರುಗಳು ನೆಚ್ಚಿಕೊಂಡ ಮರಗಳಲ್ಲಿ ನಮ್ಮ ಮಲೆನಾಡಿನ ಬೀಟೆಯೂ ಒಂದು. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್‌ನ ಬೀಟೆ ಸಿಗುವುದು ಕಷ್ಟವಾದಾಗ ಭಾರತದ ಬೀಟೆ ಆ ಜಾಗಕ್ಕೆ ಬಂತು. ಕಾಡುಗಳು ಬರಿದಾಗುವುದನ್ನು ಕಂಡು 2017ರ ಜನವರಿಯಿಂದ ಬೀಟೆ ಕುಲದ ಮರಗಳ ಅಂತರರಾಷ್ಟ್ರೀಯ ಮಾರಾಟಕ್ಕೆ ‘ಸೈಟಿಸ್’ ಒಪ್ಪಂದ ಕಡಿವಾಣ ಹಾಕಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಎಲ್ಲಿಂದ ಬಂದಿತೆಂದು ಗೊತ್ತಿಲ್ಲದ ಒಂದು ಬೀಟೆಯ ತುಂಡು ಎಷ್ಟೇ ಇಂಪಾಗಿ ನುಡಿದರೂ ಅದರಲ್ಲಿ ಕಿವಿಗೆ ಕೇಳದ ಅಪಸ್ವರವೊಂದಿದೆ. ಇದು ಮೂರರಲ್ಲಿ ಯಾವ ಜಾತಿಗೂ ಸೇರುವುದಿಲ್ಲ. ನುಡಿಸುವಾಗ ಸಿಗುವುದಿಲ್ಲ, ಮರ ಆರಿಸುವಾಗಲೇ ಹಿಡಿಯಬೇಕು. ನಾನು ಹಳೆಯ ಬಾಗಿಲುಗಳನ್ನು ಹುಡುಕುವುದಕ್ಕೆ ಇದೂ ಒಂದು ಕಾರಣ. ಪಿಕಪ್ ಕೇಳಿಸಿಕೊಳ್ಳುವುದು ಮುಖ್ಯವಾಗಿ ತಂತಿಯ ಅದುರನ್ನು. ಸ್ವರದಲ್ಲಿ ಮರದ ಪಾಲೆಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ಮರ ಎಲ್ಲಿಂದ ಬಂತು ಎಂಬ ಪ್ರಶ್ನೆಯಲ್ಲಿ ಜಗಳಕ್ಕೆ ಜಾಗವಿಲ್ಲ.

ಹುಡುಗನ ಜೊತೆ ಗಿಟಾರ್ ಆರಿಸಲು ಹೋದಾಗ ನಾವು ಬ್ರ್ಯಾಂಡು, ಬಣ್ಣ ಎರಡನ್ನೂ ಕೊನೆಗೆ ಬಿಟ್ಟೆವು. ಕತ್ತಿನ ಅಂಚಿಗೆ ಅಂಗೈ ಸವರಿ ಫ್ರೆಟ್ ತುದಿಗಳನ್ನು ನೋಡಿದೆವು. ಕಣ್ಣಿನ ಮಟ್ಟಕ್ಕೆ ಹಿಡಿದು ಕತ್ತು ಸೊಟ್ಟಗಿದೆಯೇ ಎಂದು ನೋಡಿದೆವು. ಹನ್ನೆರಡನೆಯ ಫ್ರೆಟ್ಟಿನಲ್ಲಿ ತಂತಿಯನ್ನು ಬರೀ ತಾಕಿಸಿ ಒಮ್ಮೆ, ಒತ್ತಿ ಒಮ್ಮೆ ನುಡಿಸಿ ಎರಡೂ ಸ್ವರ ಕೂಡುತ್ತವೆಯೇ ಎಂದು ಕೇಳಿದೆವು. ಒಂದು ಸಾಧಾರಣ ಬೆಲೆಯ ಗಿಟಾರು ಎಲ್ಲದರಲ್ಲೂ ಪಾಸಾಯಿತು. ಎರಡು ತಂತಿಗಳಲ್ಲಿ ಸ್ವರ ಚೂರು ಕೂಡುತ್ತಿರಲಿಲ್ಲ. ಅದು ತಿದ್ದಬಹುದಾದ ದೋಷ, ಬ್ರಿಡ್ಜಿನ ಸ್ಕ್ರೂ ತಿರುಗಿಸಿದರೆ ಸಾಕು. ಮನೆಗೆ ತಂದ ಮೇಲೆ ಸ್ಕ್ರೂಡ್ರೈವರನ್ನು ಅವನ ಕೈಗೇ ಕೊಟ್ಟೆ. ಅರ್ಧ ಗಂಟೆಯಲ್ಲಿ ಅವನೇ ಎರಡೂ ತಂತಿಗಳನ್ನು ಸರಿಮಾಡಿದ. ಆಮೇಲೆ ಗಾಂಧಾರವನ್ನು ಮತ್ತೆ ಮತ್ತೆ ಮೀಟಿ, “ಇದೊಂದು ಕೂಡವಲ್ದಲ್ಲಣ್ಣಾ” ಎಂದ. ಅದು ಕೂಡುವುದಿಲ್ಲ, ಯಾರ ಗಿಟಾರಿನಲ್ಲೂ ಪೂರ್ತಿ ಕೂಡುವುದಿಲ್ಲ ಎಂದು ಲೆಕ್ಕ ಹಾಕಿ ತೋರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆರಳಿನಿಂದ ಬೇರೆ ತಂತಿಯನ್ನು ಚೂರು ಜಗ್ಗಿ, ಕೆಳಗಿನಿಂದ ಗಾಂಧಾರಕ್ಕೆ ಏರಿ, ತಾಗುವ ಮೊದಲೇ ನಿಲ್ಲಿಸಿದ. ಕಿವಿಗೆ ಸರಿ ಎನಿಸಿದ ಜಾಗ ಅವನಿಗೆ ಅಲ್ಲಿ ಸಿಕ್ಕಿತ್ತು.

ಆರಿಸುವುದು ಒಂದು ಕ್ಷಣದಲ್ಲಿ ಮುಗಿಯುವ ಕೆಲಸ ಎಂದುಕೊಂಡಿರುವವರೆಗೆ ಅದು ನಮ್ಮನ್ನು ಕಾಡುತ್ತಲೇ ಇರುತ್ತದೆ. ಆರಿಸಿದ್ದನ್ನು ನಮ್ಮದಾಗಿಸುವ ಕೆಲಸ ಶುರುವಾಗುವುದು ದುಡ್ಡು ಕೊಟ್ಟ ಮೇಲೆ. ಮರ ಕೊಯ್ದು, ಫ್ರೆಟ್ ಬಡಿದು ಎಲ್ಲರೂ ವಾದ್ಯ ಮಾಡಬೇಕಾಗಿಲ್ಲ. ಕೈಗೆ ಬಂದ ವಸ್ತುವಿನ ಅಪಸ್ವರ ಕೇಳಿದಾಗ ಅದನ್ನು ಎಸೆಯುವ ಮುಂಚೆ ‘ಇದು ಯಾರದು’ ಎಂದು ಪ್ರಾಮಾಣಿಕವಾಗಿ ಕೇಳಿದರೆ ಸಾಕು. ಕೈಯದಾದರೆ ತಿದ್ದಬೇಕು. ಮರದ್ದಾದರೆ ಕಾಯಬೇಕು. ಲೆಕ್ಕದ್ದಾದರೆ, ಆ ಹುಡುಗ ಮಾಡಿದಂತೆ, ಅದರ ಸುತ್ತ ಒಂದು ದಾರಿ ಹುಡುಕಿಕೊಂಡು ನುಡಿಸುತ್ತ ಹೋಗಬೇಕು.